ಚಕ್ರ ನಿಲ್ಲುವ ತನಕ

ಆ ಬಾಗಿಲು ಮುಂದೆ ಮಾಡಿ. ಸ್ವಲ್ಪ ಹತ್ತಿರ ಬನ್ನಿ... ಇದು ಜೋರಾಗಿ ಹೇಳುವಂಥದ್ದಲ್ಲ.

ನಮ್ಮ ದೊಡ್ಡಮ್ಮನ ಮಗ ಕಸ್ಮುರಿಗೆ ನಡೆದದ್ದು. ಊರು ಬೇರೆ ಯಾವುದೂ ಅಲ್ಲ, ಇದೇ ಜೆಪಾರಾ. ದಾರಿಯೂ ಬೇರೆಯಲ್ಲ. ಸಾಮಿಲ್ಲಿನಿಂದ ಕಲ್ಲುಬಾವಿ, ಬಾವಿಯಿಂದ ಆಲದ ಮರ, ಅಲ್ಲಿಂದ ಊರು. ನೀವೆಲ್ಲ ಹಗಲು ಹೊತ್ತು ಸೈಕಲ್ಲಿನ ಮೇಲೆ ಸೀಟಿ ಹೊಡೆಯುತ್ತ ಹೋಗುತ್ತೀರಲ್ಲ, ಅದೇ ದಾರಿ. ಎಲ್ಲರ ಕೈಗೂ ಮೊಬೈಲು ಬರುವ ಮುಂಚಿನ ಮಾತು.

ಗುರುವಾರ ರಾತ್ರಿ. ಒಂಬತ್ತಕ್ಕೆ ಇನ್ನು ಒಂಬತ್ತೇ ನಿಮಿಷ. ಊರಿಗೆ ಊರೇ ಕರೆಂಟಿಲ್ಲ. ಕಸ್ಮುರಿ ಓಡುತ್ತಿದ್ದ... ರಬ್ಬರ್ ಚಪ್ಪಲಿ ಹಿಮ್ಮಡಿಗೆ ಬಡಿದು ಟಪ್ ಟಪ್ ಟಪ್. ಬಾವಿ ದಾಟಿದ. ಬಾವಿಯ ರಾಟೆಗೆ ಯಾರೋ ನೇತುಹಾಕಿದ್ದ ತಗಡಿನ ಬಕೆಟ್ಟು ಗಾಳಿಗೆ ಕಿಣ್... ಕಿಣ್... ಅನ್ನುತ್ತಿತ್ತು. ತಿರುಗಿ ನೋಡಲಿಲ್ಲ. ಆಲದ ಮರದ ಕೆಳಗೆ ಬಂದ. ಅಲ್ಲಿ ಗಕ್ಕನೆ ನಿಂತುಬಿಟ್ಟ.

ದೆವ್ವ ಕಂಡು ನಿಂತದ್ದಲ್ಲ. ನಿಮಗೆ ಆತುರ ಜಾಸ್ತಿ. ನೆನಪಾಗಿ ನಿಂತದ್ದು. ಮೋಟಾರಿನ ಹಿಡಿಕೆಯನ್ನು ಅವನು ಉಲ್ಟಾ ಕಡೆಗೇ ಬಿಟ್ಟು ಬಂದಿದ್ದ.

ಅದಕ್ಕೆ ಯಾಕೆ ಎದೆ ಒಡೆದುಕೊಳ್ಳಬೇಕು ಅಂತ ಕೇಳುತ್ತೀರಿ. ಹೇಳುತ್ತೇನೆ.

ಹಾಜಿ ಮುಕ್ಮಿನ್ ಅವರ ಸಾಮಿಲ್ಲಿನಲ್ಲಿ ಇದ್ದದ್ದು ಪಟ್ಟಿ ಗರಗಸ. ಮೇಲೊಂದು ಕೆಳಗೊಂದು, ಮನುಷ್ಯನ ಎದೆಯಷ್ಟು ಎತ್ತರದ ಕಬ್ಬಿಣದ ಚಕ್ರ. ಎರಡಕ್ಕೂ ಸುತ್ತಿಕೊಂಡ ಹಲ್ಲಿನ ಉಕ್ಕಿನ ಪಟ್ಟಿ. ಶುರು ಮಾಡಲು ಹಿಡಿಕೆ ಎಳೆದರೆ ಆಯಿತು. ನಿಲ್ಲಿಸುವುದೇ ದೊಡ್ಡ ಕೆಲಸ. ಕರೆಂಟು ತೆಗೆದ ಮಾತ್ರಕ್ಕೆ ಅಷ್ಟು ಭಾರದ ಚಕ್ರ ನಿಮ್ಮ ಮಾತು ಕೇಳುತ್ತದೆಯೇ? ತನ್ನ ಪಾಡಿಗೆ ತಾನು ತಿರುಗುತ್ತಲೇ ಇರುತ್ತದೆ... ಹನ್ನೊಂದು ನಿಮಿಷ. ಕೈ ಬೆರಳು ಹೋಗುವುದೂ ಆ ಹನ್ನೊಂದು ನಿಮಿಷದಲ್ಲೇ. ಮರ ಕೊಯ್ಯುವಾಗ ಅದರ ಅರಚಾಟಕ್ಕೆ ನಾಯಿಯೂ ಹತ್ತಿರ ಸುಳಿಯುವುದಿಲ್ಲ. ಮೋಟಾರು ಆರಿದ ಮೇಲೆ ಸದ್ದಿಲ್ಲ. ಪಟ್ಟಿ ನಿಂತ ಹಾಗೇ ಕಾಣುತ್ತದೆ. ಪಟ್ಟಿಯ ಬೆಸುಗೆ ಮರದ ಗೂಟಕ್ಕೆ ಒಂದೊಂದು ಸುತ್ತಿಗೂ ತಾಗಿ ಟಿಕ್ ಅನ್ನುತ್ತದೆ, ಅಷ್ಟೇ ಗುರುತು. ಟಿಕ್ ಟಿಕ್ ಟಿಕ್... ಆಮೇಲೆ ಟಿಕ್... ಟಿಕ್... ಆಮೇಲೆ...

ಹಾಗಾಗಿ ಅಲ್ಲಿ ಒಂದು ಕಟ್ಟಳೆ ಇತ್ತು. ಮೋಟಾರು ಆರಿಸಿದ ಮೇಲೆ ಚಕ್ರ ನಿಲ್ಲುವ ತನಕ ಒಬ್ಬರು ಪಕ್ಕದಲ್ಲಿ ಕೂರಬೇಕು. ನಿಂತ ಮೇಲೆ ಚಕ್ರದ ಮೇಲೆ ಅಂಗೈ ಇಟ್ಟು ನೋಡಿ ಏಳಬೇಕು. ಮಲಗಿಸುವುದು ಅನ್ನುತ್ತಿದ್ದರು ಅದಕ್ಕೆ.

ಪ್ರತಿ ರಾತ್ರಿ ಮಲಗಿಸುತ್ತಿದ್ದವನು ಸರ್ಪಾನ್ ಅಜ್ಜ. ಗರಗಸದ ಹಿರಿಯ ಆಳು. ಹೆಂಡತಿ ಸತ್ತು ಎಷ್ಟೋ ವರ್ಷ, ಮಕ್ಕಳಿಲ್ಲ. ಕಸ್ಮುರಿ ಅವನ ಕೈಕೆಳಗೆ ದಿಮ್ಮಿ ನೂಕುವವನು. ಗುರುವಾರ ಬಂತೆಂದರೆ ಅಜ್ಜ ಅವನನ್ನು ಓಡಿಸುತ್ತಿದ್ದ.

"ಏಯ್, ಹೋಗೋ. ಹೆಂಡ್ತಿ ಫೋನು ಬರೋ ಹೊತ್ತಾಯ್ತು. ಇದನ್ನ ನಾ ಮಲಗಿಸ್ತೀನಿ."

"ನಿಮಗೆ ತಡ ಆಗಲ್ವಾ ಅಜ್ಜ?"

"ಮನೇಲಿ ನನ್ನ ಕಾಯೋದು ಒಂದು ಕೋಳಿ. ಅದೂ ಆರು ಗಂಟೆಗೇ ಮಲಗಿಬಿಡುತ್ತೆ. ನಡಿ ನಡಿ."

ಕಸ್ಮುರಿಯ ಹೆಂಡತಿ ಸುಲಿಯಾ ಹಾಂಗ್‌ಕಾಂಗಿನಲ್ಲಿ ಮನೆಗೆಲಸಕ್ಕಿದ್ದಳು. ಎರಡು ವರ್ಷದ ಕರಾರು. ಗುರುವಾರ ರಾತ್ರಿ ಕಸ ಹಾಕುವ ನೆಪದಲ್ಲಿ ಇಪ್ಪತ್ತೇಳನೇ ಮಹಡಿಯಿಂದ ಕೆಳಗಿಳಿದು ಬೀದಿಯ ಫೋನಿನಿಂದ ನಾವೆಲ್ಲ ಅಮ್ಮ ಅನ್ನುವ ಹಾಗೆ ಬು ಅಂತ ಕರೆಯುವ ನಮ್ಮೂರ ಮುಂಜಿಯಾಳ ಫೋನಿನ ಅಂಗಡಿಗೆ ಕರೆ ಮಾಡುತ್ತಿದ್ದಳು. ನಮ್ಮ ಗಡಿಯಾರದಲ್ಲಿ ಸರಿಯಾಗಿ ಒಂಬತ್ತು. ಐದು ನಿಮಿಷ ಕಾಯುತ್ತಾಳೆ, ಅದಕ್ಕಿಂತ ಹೆಚ್ಚು ನಿಂತರೆ ಮೇಲೆ ಯಜಮಾನಿ ಬಾಗಿಲಲ್ಲೇ ಇರುತ್ತಾಳೆ. ಕಸ್ಮುರಿ ಎಂಟು ಮುಕ್ಕಾಲಿಗೆ ಸಾಮಿಲ್ಲು ಬಿಟ್ಟರೆ ಹತ್ತು ನಿಮಿಷದ ದಾರಿ, ಆರಾಮಾಗಿ ಸಿಗುತ್ತಿದ್ದ.

ಒಂದು ಗುರುವಾರ ಹೀಗೇ ಫೋನಿಗೆ ಹೋದ. ಮಾರನೆಯ ಬೆಳಿಗ್ಗೆ ಬಂದರೆ ಅಜ್ಜ ಚಕ್ರದ ಪಕ್ಕ ಕಂಬಕ್ಕೆ ಒರಗಿ ಕೂತೇ ಇದ್ದ. ಮೈ ತಣ್ಣಗಾಗಿತ್ತು. ಕಾವಲುಗಾರ ರಸ್ಮಾನ್, ಕಿವಿ ಮಂದ ಅವನಿಗೆ, ಅಜ್ಜ ತೂಕಡಿಸುತ್ತಿದ್ದಾನೆ ಅಂದುಕೊಂಡು ಹೊದಿಕೆ ಬೇರೆ ಹೊದಿಸಿದ್ದ. ಚಕ್ರ ಮೊದಲು ನಿಂತಿತೋ, ಅಜ್ಜ ಮೊದಲೋ... ಯಾರಿಗೂ ಗೊತ್ತಿಲ್ಲ. ಕಸ್ಮುರಿ ಮಾತ್ರ ಆ ಲೆಕ್ಕವನ್ನೇ ಹಾಕುತ್ತಿದ್ದ. ತಾನು ಫೋನಿನಲ್ಲಿ ನಗುತ್ತಿದ್ದ ಹೊತ್ತಿಗೇ ಅಲ್ಲವೇ ಅದು?

ಗರಗಸ ಈಗ ಕಸ್ಮುರಿಯ ಕೈಗೆ ಬಂತು. ಮಲಗಿಸುವ ಸರದಿಯೂ ಬಂತು.

ಮೊದಲ ಗುರುವಾರ ಹನ್ನೊಂದು ನಿಮಿಷ ಕೂತ. ಅಂಗಡಿಗೆ ಹೋಗುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಎರಡನೇ ಗುರುವಾರ ಬುದ್ಧಿ ಉಪಯೋಗಿಸಿದ. ತೇಗದ ಹಲಗೆಯೊಂದನ್ನು ತಂದು ಕೆಳಗಿನ ಚಕ್ರದ ಅಂಚಿಗೆ ಒತ್ತಿ ಹಿಡಿದ. ಕಿರ್ರ್ರ್... ಹೊಗೆ, ಕಮರು ವಾಸನೆ. ಹಲಗೆ ಚಿಮ್ಮಿ ಸೂರಿನ ಹೆಂಚು ಒಡೆಯಿತು. ಹಾಜಿ ಓಡಿ ಬಂದರು.

"ಏನಯ್ಯಾ ಇದು? ಚಕ್ರಕ್ಕೆ ಗೀರು ಬಿದ್ರೆ ನಿಮ್ಮಪ್ಪ ತಂದುಕೊಡ್ತಾನಾ?"

"ಸ್ವಲ್ಪ ಬೇಗ ನಿಲ್ಲಿಸೋಣ ಅಂತ, ಹಾಜಿಯವರೇ..."

"ಈ ಮರದ ಕಂಟೇನರು ಹಡಗು ಹತ್ತೋವರೆಗೂ ಗರಗಸ ಆರಿಸೋದು ಎಂಟೂ ಮುಕ್ಕಾಲಿಗೇ. ಒಂದು ನಿಮಿಷ ಈಚೆಗಿಲ್ಲ. ನಿಲ್ಲೋದು ಅದರಿಷ್ಟ."

ಆ ರಾತ್ರಿಯೂ ಫೋನು ತಪ್ಪಿತು. ಬು ಮುಂಜಿಯಾ ಮುಖ ಗಂಟು ಹಾಕಿಕೊಂಡು ಕೂತಿದ್ದಳು. ಮರ್ಯಾದೆಗೆ ಮಾಸ್ ಅಂತ ಕರೆದಳು, ದನಿ ಮಾತ್ರ ಬಿಗಿಯಾಗಿತ್ತು.

"ಮಾಸ್ ಕಸ್ಮುರಿ, ನಿನ್ನ ಹೆಂಡ್ತಿ ಅಳ್ತಿದ್ಲು. ಕರಾರು ಮುಗೀತಂತೆ. ಬರೋ ಶುಕ್ರವಾರ ಬೆಳಿಗ್ಗೆ ಏಜೆಂಟು ಕಾಗದ ತರ್ತಾನಂತೆ, ಇನ್ನೆರಡು ವರ್ಷಕ್ಕೆ. ಗುರುವಾರ ನೀನು ಸಿಕ್ಕಿಲ್ಲ ಅಂದ್ರೆ ಸಹಿ ಹಾಕಿಬಿಡ್ತೀನಿ ಅಂದ್ಲು."

"ನಾನು ಬೇಡ ಅಂದೆ ಅಂತ ಹೇಳಬೇಕಿತ್ತು, ಬು."

"ನಾನ್ಯಾಕೆ ಹೇಳ್ಲಿ? ನಿನ್ನ ಕೇಳಿದಾಗೆಲ್ಲ ನಿನ್ನಿಷ್ಟ, ನಿನ್ನಿಷ್ಟ ಅಂದಿದ್ದೀಯಂತೆ. ನಿನಗೆ ಹೆಂಡ್ತಿ ಬೇಕೋ ಬೇಡ್ವೋ, ಬಾಯಿ ಬಿಟ್ಟು ನೀನೇ ಹೇಳು."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಎರಡು ವರ್ಷ ಒಬ್ಬನೇ ಸೋಯಾಕಾಳಿನ ತೆಂಪೆ ಹುರಿದು, ಒಬ್ಬನೇ ತಿಂದು, ಒಂದೇ ತಟ್ಟೆ ತೊಳೆದಿಟ್ಟ ಗಂಡಸು. ಬಂದುಬಿಡು ಅನ್ನುವ ಒಂದು ಮಾತಿಗೆ ಅವನ ನಾಲಿಗೆ ಹೊರಳುತ್ತಿರಲಿಲ್ಲ. ಕೇಳಿದರೆ ಅವಳ ದಾರಿಗೆ ಅಡ್ಡ ನಿಂತ ಹಾಗಾಗುತ್ತದೆ ಅನ್ನುವ ಅಂಜಿಕೆ. ಸಂಕೋಚದ ಪ್ರಾಣಿ ನಮ್ಮ ಕಸ್ಮುರಿ, ಈಗಲೂ ಹಾಗೇ.

ಆ ವಾರ ಅವನು ಮೋಟಾರು ರಿಪೇರಿಯ ಸುಗಿತೊನ ಕಾಲು ಹಿಡಿದ. ಸುಗಿತೊ ಹಾಜಿಯ ಕಣ್ಣು ತಪ್ಪಿಸಿ ಹೊಸ ಹಿಡಿಕೆ ಕೂರಿಸಿಕೊಟ್ಟ. ಮೇಲೆ ಎತ್ತಿದರೆ ಮೋಟಾರು ಮುಂದಕ್ಕೆ. ನಡುವೆ ಇಟ್ಟರೆ ಕರೆಂಟಿಲ್ಲ. ಕೆಳಗೆ ಒತ್ತಿದರೆ ಎರಡು ತಂತಿ ಅದಲು ಬದಲಾಗಿ ಮೋಟಾರು ಉಲ್ಟಾ ತಿರುಗಲು ಹೆಣಗುತ್ತದೆ. ಮುಂದಕ್ಕೆ ಓಡುವ ಚಕ್ರ, ಹಿಂದಕ್ಕೆ ಎಳೆಯುವ ಮೋಟಾರು. ಹನ್ನೊಂದು ನಿಮಿಷದ ಕೆಲಸ ಹತ್ತು ಉಸಿರಿನಲ್ಲಿ ಮುಗಿಯುತ್ತದೆ.

"ಆದ್ರೆ ಕಿವಿ ಇಟ್ಕೊಂಡು ನಿಂತಿರು," ಅಂದಿದ್ದ ಸುಗಿತೊ. "ಚಕ್ರ ನಿಲ್ಲೋ ಆ ಕ್ಷಣಕ್ಕೆ ಹಿಡಿಕೆ ನಡುವೆ ಬರಬೇಕು. ಒಂದು ಉಸಿರು ತಡ ಆಯ್ತೋ, ಉಲ್ಟಾ ಓಡೋಕೆ ಶುರು. ಉಲ್ಟಾ ಓಡಿದ್ರೆ ಪಟ್ಟಿ ಚಕ್ರದ ಮೇಲೆ ನಿಲ್ಲಲ್ಲ. ಹಾವು ಎಗರಿದ ಹಾಗೆ ಎಗರುತ್ತೆ. ಎದುರಿಗೆ ಯಾರಿದ್ರೆ ಅವರು... ಮುಗೀತು."

ಮೂರನೇ ಗುರುವಾರ. ಎಂಟೂ ನಲವತ್ತಾರು. ಕೊನೆಯ ದಿಮ್ಮಿ ಹೊರಬಿತ್ತು. ಆಳುಗಳು ಹೊರಟರು. ಕಸ್ಮುರಿ ಹಿಡಿಕೆ ಕೆಳಗೆ ಒತ್ತಿದ. ಮೋಟಾರು ಹ್ರ್ರ್ರ್ ಅಂತ ಗುರುಗುಟ್ಟಿತು. ಬೆಲ್ಟುಗಳು ಚೀರಿದವು. ಒಂದು ಉಸಿರು... ಎರಡು...

ಟಪ್. ಕತ್ತಲು.

ಊರಿಡೀ ಕರೆಂಟು ಹೋಯಿತು. ಮೋಟಾರು ಬಾಯಿ ಮುಚ್ಚಿತು. ಚಕ್ರ ಮಾತ್ರ ತಿರುಗುತ್ತಲೇ ಇತ್ತು. ಟಿಕ್ ಟಿಕ್ ಟಿಕ್...

ಅವನ ತಲೆಯಲ್ಲಿ ಒಂಬತ್ತು ಗಂಟೆ ಬಿಟ್ಟರೆ ಬೇರೇನೂ ಇರಲಿಲ್ಲ. ಕಾಲಿಗೆ ಬುದ್ಧಿ ಹೇಳಿದ. ಆಲದ ಮರದ ಕೆಳಗೆ ಬಂದಾಗ ನೆನಪಾಯಿತು. ಹಿಡಿಕೆ ಇನ್ನೂ ಕೆಳಗೇ ಇದೆ. ಕರೆಂಟು ಬಂದ ಗಳಿಗೆಯಲ್ಲಿ ಮೋಟಾರು ತಾನಾಗಿ ಎದ್ದು ಉಲ್ಟಾ ಓಡುತ್ತದೆ. ಮತ್ತೆ ಅಲ್ಲಿ ರಸ್ಮಾನ್ ಮಲಗುವುದೆಲ್ಲಿ? ಗರಗಸದ ಎದುರಿಗಿನ ಮರದ ಹೊಟ್ಟಿನ ರಾಶಿಯ ಮೇಲೆ, ಬೆಚ್ಚಗಿರುತ್ತದೆ ಅಂತ. ಕಿವುಡ ಬೇರೆ.

ಮುಂದೆ ಐದು ನಿಮಿಷ ಹೋದರೆ ಫೋನು. ಹಿಂದೆ ಐದು ನಿಮಿಷ ಹೋದರೆ ರಸ್ಮಾನ್.

ಕರೆಂಟು ಹೋದರೆ ಒಂದು ಗಂಟೆಗೆ ಕಡಿಮೆ ಬಂದದ್ದುಂಟೇ ನಮ್ಮೂರಲ್ಲಿ? ಹೋಗಿ ಎರಡು ಮಾತಾಡಿ ಓಡಿ ಬಂದುಬಿಡೋಣ... ಅಂದುಕೊಂಡ. ನಿಜ ಹೇಳುತ್ತೇನೆ, ಒಂದು ಹೆಜ್ಜೆ ಊರ ಕಡೆಗೆ ಇಟ್ಟೂ ಇಟ್ಟ. ಅವನೇ ನನ್ನ ಹತ್ತಿರ ಒಪ್ಪಿಕೊಂಡಿದ್ದಾನೆ.

ಆಗ ಕೇಳಿಸಿತು. ಸರ್... ಸರ್... ಒಣಗಿದ ಆಲದೆಲೆಯ ಮೇಲೆ ಬರಿಗಾಲು ಎಳೆಯುವ ಸದ್ದು. ಸಾಮಿಲ್ಲಿನ ಕಡೆಯಿಂದ ಯಾರೋ ಬರುತ್ತಿದ್ದರು. ಲುಂಗಿಯನ್ನು ತಲೆ ಮೇಲಿಂದ ಹೊದ್ದಿದ್ದರು. ಬಿಳಲುಗಳ ನಡುವೆ ಮುಖ ಕಾಣಲಿಲ್ಲ.

"ನಿಂತಿತೇನೋ?" ಪಿಸುದನಿ.

"ಇಲ್ಲ... ಇನ್ನೂ ತಿರುಗ್ತಿದೆ."

"ಮತ್ತೆ ಇಲ್ಲೇನು ಮಾಡ್ತಿದ್ದೀಯ?"

"ಫೋನು... ಇವತ್ತು ತಪ್ಪಿದ್ರೆ ಅವಳು..."

"ಹೋಗಿ ಕೂತ್ಕೋ. ನಾ ಹೇಗೂ ಆ ಕಡೆ ಹೊರಟಿದ್ದೀನಿ. ಹೇಳ್ತೀನಿ ಅವಳಿಗೆ."

ಸರ್... ಸರ್... ಸದ್ದು ಅವನನ್ನು ದಾಟಿ ಊರ ಕಡೆಗೆ ಹೋಯಿತು. ಕಸ್ಮುರಿ ಸಾಮಿಲ್ಲಿನ ಕಡೆ ಓಡಿದ. ಯಾರು, ಏನು, ಕೇಳಲಿಲ್ಲ. ದೊಡ್ಡವರು ಹೇಳಿದರು, ಓಡಿದ, ಅಷ್ಟೇ. ಬಾವಿಯ ಹತ್ತಿರ ಬಂದಾಗ ಆ ದನಿ ಯಾರದೆಂದು ತಲೆಗೆ ಹೊಳೆಯಿತು.

ಮೈಯೆಲ್ಲ ಜುಮ್ಮೆಂದಿತು. ಬಕೆಟ್ಟು ಕಿಣ್ ಅನ್ನಲಿಲ್ಲ, ಗಾಳಿ ನಿಂತಿತ್ತು... ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಬಾವಿಕಟ್ಟೆ ತಬ್ಬಿಕೊಂಡು ಬೆಳಗಾಗುವ ತನಕ ಕೂತಿರುತ್ತಿದ್ದರು. ನಾನಂತೂ ಕೂತಿರುತ್ತಿದ್ದೆ. ಅವನು ಓಡಿದ, ಯಾಕೆಂದರೆ ರಸ್ಮಾನ್ ಅಲ್ಲಿ ಮಲಗಿದ್ದ.

ಬೆಂಕಿಕಡ್ಡಿ ಗೀರಿ ನೋಡಿದ. ರಸ್ಮಾನ್ ಹೊಟ್ಟಿನ ಮೇಲೆ ಬಾಯಿ ತೆರೆದು ಗೊರಕೆ ಹೊಡೆಯುತ್ತಿದ್ದ. ಅವನ ಪಾದ ಪಟ್ಟಿಗೆ ಎರಡು ಮೊಳ ದೂರ. ಕಸ್ಮುರಿ ಹಿಡಿಕೆಯನ್ನು ನಡುವಿಗೆ ಎತ್ತಿದ. ಕಟಕ್.

ಆಮೇಲೆ ಕೂತ. ಹೊರಟುಬಿಡಬಹುದಿತ್ತು. ಚಕ್ರ ಇನ್ನೂ ತಿರುಗುತ್ತಿತ್ತಲ್ಲ, ಎದ್ದು ಹೋಗಲು ಮನಸ್ಸು ಬರಲಿಲ್ಲ. ಅಜ್ಜ ಕೂತಿದ್ದ ಕಂಬಕ್ಕೇ ಒರಗಿದ.

ಟಿಕ್... ಟಿಕ್...

ಕತ್ತಲಲ್ಲಿ ಆ ಸದ್ದೊಂದೇ. ದೂರದಲ್ಲಿ ಯಾರದೋ ಮನೆಯಲ್ಲಿ ಸತ್ತವರಿಗಾಗಿ ಪ್ರಾರ್ಥನೆ ಓದುತ್ತಿದ್ದರು, ಅದೂ ಮುಗಿಯಿತು. ಅಜ್ಜ ದಿನಾ ರಾತ್ರಿ ಇದನ್ನೇ ಕೇಳುತ್ತ ಕೂತಿರುತ್ತಿದ್ದನೇ? ಮಾತಿಗೊಬ್ಬರಿಲ್ಲದೆ? ಒಂದು ರಾತ್ರಿಯಾದರೂ ತಾನು ಜೊತೆಗೆ ಕೂತಿರಲಿಲ್ಲವಲ್ಲ ಅಂತ ಕಸ್ಮುರಿಗೆ ಅಳು ಬಂತು. ಗಂಡಸು, ಮೂವತ್ತೈದು ವರ್ಷದವನು, ಹೊಟ್ಟಿನ ಧೂಳು ಮುಖಕ್ಕೆ ಅಂಟುವ ಹಾಗೆ ಅತ್ತ. ಅಜ್ಜನಿಗಾಗಿ ಅತ್ತನೋ ತನಗಾಗಿ ಅತ್ತನೋ ಅವನಿಗೇ ತಿಳಿಯದು.

ಟಿಕ್... ... ಟಿಕ್.

ಆಮೇಲೆ ಇಲ್ಲ. ಎದ್ದು ಚಕ್ರದ ಮೇಲೆ ಅಂಗೈ ಇಟ್ಟ. ಅಲುಗಾಟವಿರಲಿಲ್ಲ. ಹೊರಗೆ ಬಂದು ಊರ ಕಡೆ ಓಡಿದ.

ಬಾವಿ ದಾಟುವಾಗ ಊರಿನಲ್ಲಿ ದೀಪಗಳು ಝಗ್ಗನೆ ಹತ್ತಿಕೊಂಡವು. ಹದಿನೈದೇ ನಿಮಿಷಕ್ಕೆ ಕರೆಂಟು ಬಂದುಬಿಟ್ಟಿತ್ತು! ಕಸ್ಮುರಿ ನಿಂತು ಹಿಂದಕ್ಕೆ ಕಿವಿಗೊಟ್ಟ. ಸಾಮಿಲ್ಲು ಸುಮ್ಮನಿತ್ತು.

ಫೋನಿನ ಅಂಗಡಿ ತಲುಪಿದಾಗ ಒಂಬತ್ತೂ ಹನ್ನೊಂದು. ಬು ಮುಂಜಿಯಾ ಆರಿಸಿದ ಮೇಣದಬತ್ತಿ ಕೈಯಲ್ಲಿ ಹಿಡಿದು ಮೇಜಿನ ಹಿಂದೆ ನಿಂತಿದ್ದಳು. ಇವನನ್ನು ಕಂಡು ಕಣ್ಣು ಅಗಲ ಮಾಡಿದಳು.

"ನೀನು ಹೊರಗಿಂದ ಬರ್ತಿದ್ದೀಯಾ?"

"ಫೋನು ಬಂದಿತ್ತಾ ಬು? ಇಟ್ಟುಬಿಟ್ಲಾ?"

"ಒಂಬತ್ತಕ್ಕೆ ರಿಂಗಾಯ್ತು. ನಾ ಪಕ್ಕದ ಮನೆಗೆ ಬೆಂಕಿಪೊಟ್ಟಣಕ್ಕೆ ಹೋಗಿದ್ದೆ. ಬರೋ ಅಷ್ಟರಲ್ಲಿ ಯಾರೋ ಎತ್ತಿದ್ರು. ಆವಾಗಿಂದ ಆ ಗೂಡಲ್ಲಿ ಗುಸುಗುಸು ಮಾತಾಡ್ತಿದ್ದೋನು..." ಅವಳ ದನಿ ಇಳಿಯಿತು. "ನೀನಲ್ವಾ?"

ಫೋನಿನ ಗೂಡಿನ ಬಾಗಿಲು ಮುಚ್ಚಿತ್ತು. ಕಸ್ಮುರಿ ತೆಗೆದ. ಕೀರ್...

ಯಾರೂ ಇಲ್ಲ. ರಿಸೀವರನ್ನು ಕೊಕ್ಕೆಗೆ ಹಾಕದೆ ಹಲಗೆಯ ಮೇಲೆ ಮೆಲ್ಲಗೆ ಮಲಗಿಸಿಟ್ಟಿತ್ತು. ಅದರೊಳಗಿಂದ ಸಣ್ಣ ದನಿ ಬರುತ್ತಿತ್ತು.

"ಅಜ್ಜಾ?... ಇದೀರಾ?... ಅಜ್ಜಾ?"

ಕಿವಿಗೆ ಇಟ್ಟುಕೊಂಡ. "ಸುಲಿಯಾ..."

"ಬಂದ್ರಾ ಮಾಸ್? ಅಂತೂ ಬಂದ್ರಾ! ಮಷೀನು ನಿಂತಿತಾ?"

"...ನಿಂತಿತು."

"ನಾನು ಇಟ್ಟುಬಿಡ್ತಿದ್ದೆ. ಸರ್ಪಾನ್ ಅಜ್ಜ ಬಿಡ್ಲಿಲ್ಲ. ಅವನು ಮಷೀನು ಮಲಗಿಸ್ತಿದ್ದಾನೆ, ಬರ್ತಾನೆ, ಹನ್ನೊಂದೇ ನಿಮಿಷ ತಡಿ ಮಗಳೇ ಅಂದ್ರು. ಏನು ಮಾತು ಮಾರಾಯ್ರೆ ಆ ಅಜ್ಜಂದು! ನಿಮ್ಮ ಲಿಫ್ಟು ಇಪ್ಪತ್ತೇಳಕ್ಕೆ ಹೋಗಿ ಟಕ್ಕಂತ ಹೇಗೆ ನಿಲ್ಲುತ್ತೆ, ಯಾರಾದ್ರೂ ಪಕ್ಕದಲ್ಲಿ ಕೂತಿರ್ತಾರಾ ಅಂತ ಕೇಳ್ತಾರೆ. ನಂಗೇನು ಗೊತ್ತು? ಯಾಕೆ ಮಾಸ್, ಮಾತಾಡಿ. ಮೇಲೆ ಯಜಮಾನಿ ಕೊಂದೇ ಹಾಕ್ತಾಳೆ ಇವತ್ತು. ಬೇಗ ಹೇಳಿ. ನಾಳೆ ಸಹಿ ಹಾಕ್ಲಾ?"

ಬೀದಿಯಲ್ಲಿ, ಕಸದ ಡಬ್ಬಿಗಳ ಪಕ್ಕ, ಕತ್ತಲಲ್ಲಿ ಒಬ್ಬಳೇ ನಿಂತವಳಿಗೆ ಅಜ್ಜ ಸತ್ತು ಮೂರು ವಾರವಾಯಿತು ಅಂತ ಹೇಗೆ ಹೇಳುವುದು? ಕಸ್ಮುರಿ ಆ ಮಾತು ನುಂಗಿದ. ಅದರ ಜಾಗದಲ್ಲಿ ಎರಡು ವರ್ಷದಿಂದ ಸಿಕ್ಕಿಕೊಂಡಿದ್ದ ಇನ್ನೊಂದು ಮಾತು ಹೊರಗೆ ಬಂತು.

"ಬೇಡ. ಸಾಕು. ಬಂದುಬಿಡು. ನಂಗಾಗ್ತಿಲ್ಲ... ಒಬ್ಬನೇ."

ಆ ಕಡೆ ಮೂಗು ಸೇದಿದ ಸದ್ದು.

"ಇದನ್ನ ಹೇಳೋಕೆ ಎರಡು ವರ್ಷ ಬೇಕಾಯ್ತಾ ನಿಮಗೆ?" ಅಂದಳು. ಫೋನು ಇಟ್ಟಳು.

ಮಾರನೆಯ ದಿನ ಸುಗಿತೊನನ್ನು ಕರೆದು ಆ ಹಿಡಿಕೆ ಕೀಳಿಸಿದ ಕಸ್ಮುರಿ. ಹಾಜಿಯ ಹತ್ತಿರ ಜಗಳವಾಡಿ ಗುರುವಾರ ಮಾತ್ರ ಎಂಟೂವರೆಗೆ ಮೋಟಾರು ಆರಿಸುವ ಒಪ್ಪಿಗೆ ಪಡೆದ. ಆಮೇಲಿನ ಗುರುವಾರಗಳಲ್ಲಿ ಚಕ್ರ ನಿಂತ ಮೇಲೇ ಫೋನಿಗೆ ಹೋದ. ಅಜ್ಜನ ನಲವತ್ತನೇ ದಿನದ ಪ್ರಾರ್ಥನೆಗೆ ಅವನೇ ಖರ್ಚು ಹಾಕಿ ಊರಿಗೆ ಊಟ ಕೊಟ್ಟ. ಸುಲಿಯಾಳಿಗೆ ಮಾತ್ರ ಹೇಳಲಿಲ್ಲ, ಬಂದ ಮೇಲೆ ಎದುರಿಗೆ ಕೂರಿಸಿಕೊಂಡು ಹೇಳೋಣ ಅಂತ.

ಎರಡು ತಿಂಗಳಿಗೆ ಬಂದಳು. ಬಸ್‌ಸ್ಟ್ಯಾಂಡಿನಿಂದ ಅವಳನ್ನು ಕರೆತಂದದ್ದು ನನ್ನದೇ ಸ್ಕೂಟರು, ಹಾಗಾಗಿ ಇದು ಬೇರೆಯವರ ಬಾಯಿಂದ ಕೇಳಿದ್ದಲ್ಲ. ಮನೆಗೆ ಬಂದವಳು ನೀರು ಕೂಡ ಕುಡಿಯಲಿಲ್ಲ. ಪೆಟ್ಟಿಗೆ ತೆಗೆದು ಬಟ್ಟೆಗಳ ಮೇಲೇ ಇಟ್ಟಿದ್ದ ಒಂದು ಪೊಟ್ಟಣ ಎತ್ತಿಕೊಂಡು ಮತ್ತೆ ಚಪ್ಪಲಿ ಮೆಟ್ಟಿದಳು.

"ಎಲ್ಲಿಗೆ?" ಅಂದ ಕಸ್ಮುರಿ.

"ಸರ್ಪಾನ್ ಅಜ್ಜನ ಮನೆಗೆ. ಇದನ್ನ ಕೊಟ್ಟು ಬರ್ತೀನಿ. ಆವತ್ತು ಫೋನಲ್ಲಿ ಕೇಳಿದ್ರು ಪಾಪ. ನಿಮ್ಮ ಹಾಂಗ್‌ಕಾಂಗಲ್ಲಿ ಚಳಿಯಂತಲ್ಲ ಮಗಳೇ, ದಪ್ಪ ಕಾಲುಚೀಲ ಸಿಕ್ಕರೆ ಒಂದು ಜೊತೆ ತಾ, ಈಗೀಗ ಕಾಲು ಬಹಳ ತಣ್ಣಗಾಗ್ತವೆ ಅಂತ."

ಬೂದು ಬಣ್ಣದ ಉಣ್ಣೆಯ ಕಾಲುಚೀಲ. ಇವತ್ತಿಗೂ ಅವರ ಬೀರುವಿನಲ್ಲಿದೆ, ಅಂಗಡಿಯ ಚೀಟಿಯನ್ನೂ ಕಿತ್ತಿಲ್ಲ. ನಂಬದಿದ್ದರೆ ಬಿಡಿ. ನಾಳೆ ಹಗಲು ಹೊತ್ತು ಹೋಗಿ ಸುಲಿಯಾಳನ್ನೇ ಕೇಳಿ, ತೆಗೆದು ತೋರಿಸುತ್ತಾಳೆ.